'ಹೋಗು' ಎಂಬ ಪದವೂ ಕಂಪ್ಯೂಟರೂ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



"ಭಾಷೆ, ವ್ಯಾಕರಣ ಕಲಿತು ಏನು ಪ್ರಯೋಜನ? ಕಂಪ್ಯೂಟರ್ ಕಲಿಯಬಾರದೇ?" ಎಂದು ಕೇಳುವ ಹೆತ್ತವರು ನಮ್ಮಲ್ಲಿದ್ದಾರೆ. ರಷ್ಯನ್ ಭಾಷೆಯ ಒಂದು ಉದಾಹರಣೆಯ ಮೂಲಕ ಅವರಿಗೆ ಉತ್ತರಿಸಲು ಬಯಸುತ್ತೇನೆ.

ನಡೆದು ಹೋದರೂ ಬಸ್ಸಿನಲ್ಲಿ ಹೋದರೂ ಕನ್ನಡದಲ್ಲಿ 'ಹೋಗು' ಎಂಬ ಒಂದೇ ಪದ ಸಾಕು. ರಷ್ಯನ್ನಿನಲ್ಲಿ ಸಾಲದು. ಕಾಲ್ನಡಿಗೆಗೆ 'ಇದ್ತಿ', ವಾಹನಕ್ಕೆ 'ಯೆಖತ್'. ಇವೆರಡೂ ಒಂದೇ ದಿಕ್ಕಿನ ಚಲನೆಗೆ. ದಿನವೂ ಹೋಗುವುದು, ಹೋಗಿ ಬರುವುದು, ಅತ್ತಿತ್ತ ಓಡಾಡುವುದಾದರೆ 'ಖದೀತ್', 'ಯೆಜ್ದಿತ್'. ಇಂತಹ ಸುಮಾರು 14 ಜೋಡಿಗಳಿವೆ. ಲೈಬ್ರರಿಗೆ 'ಷೋಲ್' ಎಂದರೆ ಹೋಗುತ್ತಿದ್ದೆ, ಇನ್ನೂ ದಾರಿಯಲ್ಲಿದ್ದೆ ಎಂದರ್ಥ. 'ಖದೀಲ್' ಎಂದರೆ ಹೋಗಿ ಬಂದೆ. ಪದದ ಮುಂದೆ 'ಪ್ರಿ' ಸೇರಿದರೆ ಬಂದು ತಲುಪುವುದು, 'ಉ' ಸೇರಿದರೆ ಹೊರಟು ಹೋಗುವುದು.

ಇದನ್ನು ಕಂಪ್ಯೂಟರಿಗೆ ಕಲಿಸುವುದು ಹೇಗೆ? ನಡಿಗೆಯೇ, ವಾಹನವೇ? ಒಂದೇ ದಿಕ್ಕೇ? ಕ್ರಿಯೆ ಮುಗಿಯಿತೇ? ಈ ಪ್ರಶ್ನೆಗಳ ಉತ್ತರಗಳನ್ನು ಕೋಷ್ಟಕವಾಗಿ ಬರೆದು ನಿಯಮಗಳನ್ನು ರಚಿಸುವುದು ಒಂದು ವಿಧಾನ. ಮದರಸದಲ್ಲಿ ಸರ್ಫ್ ಕಲಿತವರಿಗೆ ಕ್ರಿಯಾಪದಗಳ ಕೋಷ್ಟಕ ಹೊಸದೇನಲ್ಲ. ಆದರೆ "ನಾನು ಮಂಗಳೂರಿಗೆ ಹೋದೆ" ಎಂಬ ವಾಕ್ಯವನ್ನು ರಷ್ಯನ್ನಿಗೆ ತರುವಾಗ ಈ ಉತ್ತರಗಳು ವಾಕ್ಯದೊಳಗೇ ಸಿಗುವುದಿಲ್ಲ. ಹಿಂದುಮುಂದಿನ ಮಾತುಗಳಿಂದ ಊಹಿಸಬೇಕು. ಕಷ್ಟ ಇರುವುದು ಇಲ್ಲಿಯೇ.

1954ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಕೇವಲ 250 ಪದ, 6 ನಿಯಮಗಳಿಂದ ರಷ್ಯನ್ ವಾಕ್ಯಗಳನ್ನು ಯಂತ್ರದ ಮೂಲಕ ಇಂಗ್ಲಿಷಿಗೆ ಅನುವಾದಿಸಿ ತೋರಿಸಿದವು. ಕೆಲವೇ ವರ್ಷಗಳಲ್ಲಿ ಸಮಸ್ಯೆ ಬಗೆಹರಿಯುವುದೆಂಬ ಭರವಸೆ ಮೂಡಿತು. 1966ರ ಆಲ್ಪಾಕ್ ವರದಿ ಆ ಭರವಸೆಗೆ ತಣ್ಣೀರೆರಚಿತು. ಸರಕಾರದ ಧನಸಹಾಯವೂ ಕುಗ್ಗಿತು. ಭಾಷೆಯನ್ನು ಹಗುರವಾಗಿ ಕಂಡುದರ ಫಲವದು.

ಇಂದಿನ ಯಂತ್ರಗಳು ಕೋಟಿಗಟ್ಟಲೆ ವಾಕ್ಯಗಳನ್ನು ಓದಿ ತಾವೇ ಕಲಿಯುತ್ತವೆ. ರಷ್ಯನ್ನಿಗೆ ಆ ಸಂಪತ್ತಿದೆ. ನಮ್ಮ ಮನೆಮಾತಾದ ಬ್ಯಾರಿಗೆ ಎಲ್ಲಿದೆ? ಬರೆದಿಡದ ಭಾಷೆಯನ್ನು ಯಂತ್ರಕ್ಕೆ ಕಲಿಸುವುದು ಬಲು ಕಷ್ಟ. ಆದುದರಿಂದ ವಿದ್ಯಾರ್ಥಿಗಳೇ, ಕಂಪ್ಯೂಟರ್ ಖಂಡಿತ ಕಲಿಯಿರಿ, ಆದರೆ ವ್ಯಾಕರಣವನ್ನು ಬಿಡಬೇಡಿ. ನಿಮ್ಮ ಅಜ್ಜಿ ಆಡುವ ಮಾತನ್ನು ಬರೆದಿಡಿ.

ಮನೆಯಿಂದ ಹೊರಡುವಾಗ ನಾವು 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತೇವೆ. ಹೊರಟವನು ಹಾಗೇಕೆ ಹೇಳುತ್ತಾನೆ ಎಂಬುದನ್ನು ನಾಳೆ ಯಂತ್ರಕ್ಕೆ ವಿವರಿಸಿ ಹೇಳುವವರು ನೀವಾಗಬೇಕು. ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ.