ಅಂಗಡಿಯ ಗೋಡೆಯ ಕಲ್ಲಚ್ಚು



ಹಳೆಯ ಪೇಟೆಯ ಅಂಗಡಿಯೊಂದರ ಮುಂದೆ ನಿಂತು ಒಳಗೆ ದೃಷ್ಟಿ ಹಾಯಿಸಿದರೆ, ಗಾದಿಯ ಮೇಲೆ ಕುಳಿತ ವರ್ತಕರ ಹಿಂದೆ, ಕುಂಕುಮವಿಟ್ಟ ಗಾಜಿನೊಳಗೆ, ಕಮಲದ ಮೇಲೆ ನಿಂತ ಲಕ್ಷ್ಮಿಯ ಪಟ ಕಾಣುವುದುಂಟು. ಪಕ್ಕದಲ್ಲಿ ಸೊಂಡಿಲಿನಿಂದ ಹಾರವನ್ನೆತ್ತಿದ ಆನೆ. ಬೀಳಗಿಯಲ್ಲಾಗಲಿ, ಹಿಂದೆ ಸಂಸ್ಥಾನಗಳಾಗಿದ್ದ ಜಮಖಂಡಿ, ಮುಧೋಳಗಳಲ್ಲಾಗಲಿ, ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಾಗಲಿ ಈ ರೂಪವನ್ನು ಅರಿಯದವರು ವಿರಳ. ನಾವು ಅದಕ್ಕೆ ಕೈಮುಗಿಯುತ್ತೇವೆ. ಆದರೆ ಅದನ್ನು ಕಲಾಕೃತಿಯೆಂದು ಎಣಿಸುವುದಿಲ್ಲ. ಈ ಉದಾಸೀನವು ಸರಿಯೇ ಎಂಬುದೇ ಇಲ್ಲಿನ ಪ್ರಶ್ನೆ.

ಈ ಲಕ್ಷ್ಮಿಯನ್ನು ಚಿತ್ರಿಸಿದವರು ಕಿಳಿಮಾನೂರಿನ ರಾಜಾ ರವಿವರ್ಮರು (1848–1906). ಅವರ ತೈಲಚಿತ್ರಗಳು ಬರೋಡೆ, ಮೈಸೂರುಗಳ ಅರಮನೆಗಳನ್ನು ಸೇರಿದವು. ಅರಮನೆಯೊಳಗೆ ಪ್ರವೇಶವಿದ್ದವರಾದರೋ ಕೆಲವರೇ. ದಿವಾನರಾಗಿದ್ದ ಟಿ. ಮಾಧವರಾಯರು 1884ರಲ್ಲಿ, ಆಯ್ದ ಚಿತ್ರಗಳನ್ನು ಯೂರೋಪಿನಲ್ಲಿ ಅಚ್ಚುಹಾಕಿಸಬೇಕೆಂದು ಅವರಿಗೆ ಸೂಚಿಸಿದರು. ಹತ್ತು ವರ್ಷಗಳ ಅನಂತರ, 1894ರಲ್ಲಿ, ರವಿವರ್ಮರು ಮುಂಬಯಿಯಲ್ಲಿ ತಮ್ಮದೇ ಮುದ್ರಣಾಲಯವನ್ನು ತೆರೆದರು. ಶಕುಂತಲೆಯ ಜನನವೇ ಅಲ್ಲಿಂದ ಹೊರಬಂದ ಮೊದಲ ಚಿತ್ರ.

ಕಲ್ಲಚ್ಚಿನ ತತ್ತ್ವವು ಸರಳವಾದುದು: ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲ. ಹದಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ತೇವಗೊಳಿಸಿ ಮಸಿಯನ್ನು ಸವರಿದರೆ, ಜಿಡ್ಡಿರುವೆಡೆ ಮಾತ್ರ ಮಸಿ ಹಿಡಿಯುವುದು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹೊರಬಂದುದೂ ಕಲ್ಲಚ್ಚಿನಿಂದಲೇ. ಬಣ್ಣದ ಪಟಕ್ಕಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಕಾಗದವು ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುವುದು. ಅಗ್ಗದ ಪಟದ ಹಿಂದೆ ಅಗ್ಗವಲ್ಲದ ಕೈಚಳಕವಿದೆ.

ಒಂದು ಆಕ್ಷೇಪವೂ ಉಂಟು. ಒಂದೇ ಅಚ್ಚಿನ ಮುಖವು ನಾಡೆಲ್ಲ ಹರಡಿದುದರಿಂದ, ಊರೂರಿನ ಚಿತ್ರಗಾರರ ಬಗೆಬಗೆಯ ದೇವತಾರೂಪಗಳು ಹಿಂದೆ ಸರಿದವು. ಈ ಮಾತನ್ನು ಅಲ್ಲಗಳೆಯಲಾಗದು. ಆದರೂ ಪಟವನ್ನು ಕೊಂಡವರು ಅದನ್ನು ಬಂದಂತೆಯೇ ಬಿಡಲಿಲ್ಲ. ಹಲವರು ದೇವಿಯ ಸೀರೆಗೆ ಜರಿಯನ್ನೂ ಕೊರಳಿಗೆ ಮಣಿಗಳನ್ನೂ ಅಂಟಿಸಿ ತಮ್ಮದಾಗಿಸಿಕೊಂಡರು. ಸಾವಿರ ಪ್ರತಿಗಳಲ್ಲಿ ಒಂದು ಹೀಗೆ ಒಂದೇ ಆಯಿತು. ಅರಮನೆಯ ಬಾಗಿಲು ತೆರೆಯದವರಿಗೆ ಅಂಗಡಿಯ ಬಾಗಿಲೇ ಚಿತ್ರಶಾಲೆಯಾಯಿತು.

ಅರಮನೆಯ ಮೂಲಚಿತ್ರಗಳಿಗೆ ಕಾವಲುಗಾರರಿದ್ದಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವುಗಳಲ್ಲಿ ಕೆಲವನ್ನು ಕಾಣಬಹುದು. ಅಂಗಡಿಯ ಪಟಕ್ಕೆ ಕಾವಲು ಯಾರು? ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಅನೇಕ ಗ್ರಾಮಗಳೂ ಬಾಗಲಕೋಟೆಯ ಹಳೆಯ ಊರಿನ ಭಾಗಗಳೂ ಮುಳುಗಿದವು. ಮನೆಯನ್ನು ಬಿಟ್ಟು ಹೊರಡುವವರು ಕಾಳಿನ ಚೀಲವನ್ನೂ ಬಾಗಿಲ ಚೌಕಟ್ಟನ್ನೂ ಮೊದಲು ನೆನೆಯುವುದು ಸಹಜ. ಗೆದ್ದಲು ತಿಂದ ಪಟವು ನೆನಪಿಗೆ ಬರುವುದು ಕೊನೆಗೆ. ನೀರು ಬಾರದ ಊರುಗಳಲ್ಲಿಯೂ ಗೋಡೆಗೆ ಹೊಸ ಬಣ್ಣ ಬಳಿಯುವ ದಿನ ಅದೇ ಗತಿ.

ಆದುದರಿಂದ ಅಂಥ ಪಟವು ನಿಮ್ಮ ಕಣ್ಣಿಗೆ ಬಿದ್ದರೆ, ಅದರ ಕೆಳ ಅಂಚನ್ನು ಒಮ್ಮೆ ಓದಿರಿ. ಮುದ್ರಣಾಲಯದ ಹೆಸರು ಅಲ್ಲಿರಬಹುದು. ಅದನ್ನೂ, ಪಟವು ಯಾರ ಕಾಲದಲ್ಲಿ ಅಂಗಡಿಗೆ ಬಂದಿತೆಂಬುದನ್ನೂ ಹಿರಿಯರಿಂದ ಕೇಳಿ ಬರೆದಿಡಿರಿ. ಪೂಜೆಯು ನಿಂತ ಪಟವನ್ನು ಹೊಳೆಗೆ ಬಿಡುವ ಮೊದಲು ಇಷ್ಟು ಮಾಡಿದರೆ ಸಾಕು.