ಅಳತೆಗೋಲಿನಿಂದ ದಿವಾನಗಿರಿಗೆ

(ಸೆಪ್ಟೆಂಬರ್ 15ರ ಶಾಲಾ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷ ಶಾಲೆ ಆರಂಭವಾದ ದಿನಗಳಲ್ಲಿ ಹತ್ತಿರದ ಹಳ್ಳಿಯ ರೈತರೊಬ್ಬರು ಬಂದು ತಮ್ಮ ಮಗನ ವರ್ಗಾವಣೆ ಪತ್ರವನ್ನು ಕೇಳಿದರು. ಕಾರಣವನ್ನು ವಿಚಾರಿಸಲು, "ಕನ್ನಡದಲ್ಲಿ ಓದಿದರೆ ಹುಡುಗ ಇಂಜಿನಿಯರ್ ಆಗುತ್ತಾನೆಯೇ, ಮೇಷ್ಟ್ರೇ?" ಎಂದರು. ಕೂಡಲೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಇಂದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮದಿನ. ಆ ಉತ್ತರವನ್ನು ಅವರ ಬಾಳಿನಲ್ಲಿಯೇ ಹುಡುಕೋಣವೆಂದು ನಾವು ಇಲ್ಲಿ ನಿಂತಿದ್ದೇವೆ.

ಅವರು ನಮಗೆ ದೂರದವರಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯು ಹಿಂದೂಪುರದ ಸೀಮೆಗೆ ಹರಿದುಬರುತ್ತದೆ. ಆ ನಂದಿಯ ಸಮೀಪದ ಮುದ್ದೇನಹಳ್ಳಿಯೇ ಅವರ ಜನ್ಮಸ್ಥಳ. ಅವರ ಪೂರ್ವಿಕರು ಆಂಧ್ರದ ಮೋಕ್ಷಗುಂಡದವರು. ತೆಲುಗು ಮೂಲದ ಮನೆತನದಲ್ಲಿ ಹುಟ್ಟಿದ ಈ ಮಹನೀಯರು ದಿವಾನರಾಗಿದ್ದಾಗಲೇ, 1915ರಲ್ಲಿ, ಅವರ ಪ್ರೋತ್ಸಾಹದಿಂದ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಎರಡು ನುಡಿಗಳ ನಡುವೆ ಬಾಳುವ ನಮಗೆ ಇದು ನೆನಪಿನಲ್ಲಿಡತಕ್ಕ ಸಂಗತಿ. 1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರವು ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಬದಲಾದುವು, ಮಕ್ಕಳ ಮನೆಮಾತು ಬದಲಾಗಲಿಲ್ಲ.

ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಪರರ ಮಕ್ಕಳಿಗೆ ಪಾಠ ಹೇಳಿ ತನ್ನ ಓದನ್ನು ಸಾಗಿಸಿದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದನು. ಅಲ್ಲಿಯ ಎರಡು ಕೆಲಸಗಳನ್ನು ಮಾತ್ರ ಹೇಳುತ್ತೇವೆ. ಪುಣೆಯ ಬಳಿಯ ಖಡಕ್‌ವಾಸಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಬಿದ್ದು ಹರಿದುಹೋಗುತ್ತಿತ್ತು. 1903ರಲ್ಲಿ ಅವರು ಅಲ್ಲಿ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಇಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ತೆರೆಯುವುವು, ಇಳಿದರೆ ಮುಚ್ಚುವುವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಅದಕ್ಕೂ ಮೊದಲು, 1899ರಲ್ಲಿ, ದಖನ್ನಿನ ಕಾಲುವೆಗಳಿಗೆ ಬ್ಲಾಕ್ ಪದ್ಧತಿಯನ್ನು ರೂಪಿಸಿದ್ದರು. ಕಾಲುವೆಯ ತಲೆಯಲ್ಲಿದ್ದ ಕೆಲವರೇ ನೀರನ್ನೆಲ್ಲ ಬಳಸದೆ, ಅನೇಕ ಹಳ್ಳಿಗಳ ಹೊಲಗಳಿಗೆ ಪಾಳಿಯಂತೆ ಹಂಚಬೇಕೆಂಬುದು ಅದರ ತಿರುಳು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ ಬಂದು ಕನ್ನಂಬಾಡಿಯ ಕಟ್ಟೆಯ ಕೆಲಸವನ್ನು ಕೈಗೊಂಡರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಪದವಿ ಬದಲಾಯಿತು, ಅವರ ವಿಧಾನ ಬದಲಾಗಲಿಲ್ಲವೆಂದು ನಮ್ಮ ನಂಬಿಕೆ. ಪೋಲಾಗುವುದನ್ನು ತಡೆಯುವುದು, ತಡೆದದ್ದನ್ನು ಹಂಚುವುದು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂತು. ಅದೇ ವರ್ಷ ಮೈಸೂರು ಬ್ಯಾಂಕು ಸ್ಥಾಪಿತವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಸುಮಾರು 4,500 ಇದ್ದ ಶಾಲೆಗಳು ಆರು ವರ್ಷಗಳಲ್ಲಿ ಹತ್ತು ಸಾವಿರವನ್ನು ಮೀರಿದುವು. ಯಾರದೋ ವಿದ್ಯಾರ್ಥಿವೇತನದಿಂದ ಓದಿದವರು ನಾಡಿನ ಮಕ್ಕಳಿಗೆಲ್ಲ ಸಾಲವನ್ನು ತೀರಿಸಿದರು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವ ವಿಚಾರಕ್ಕೆ 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಯಾಗಬೇಕೆಂಬ ದಿವಾನರು ಇದನ್ನೊಪ್ಪದೆ, ಆ ವರ್ಷದ ಕೊನೆಗೆ ಪದವಿಯನ್ನು ಬಿಟ್ಟರು. ತತ್ತ್ವಕ್ಕಾಗಿ ಅಧಿಕಾರವನ್ನು ತೊರೆದ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಮನೆಯಲ್ಲಿ ಮೊತ್ತಮೊದಲು ಅಕ್ಷರ ಕಲಿಯುವ ಮಕ್ಕಳನ್ನು ದಿನವೂ ಎದುರಿಗೆ ಕಾಣುವ ನಾವು, ಕಾಲುವೆಯ ಕೊನೆಯ ಹೊಲಕ್ಕೂ ಪಾಳಿ ಇರಬೇಕೆಂದು ವಾದಿಸುತ್ತೇವೆ. ಈ ನ್ಯಾಯವನ್ನು ನಮಗೆ ಕಲಿಸಿದ್ದು ಅವರ ಬ್ಲಾಕ್ ಪದ್ಧತಿಯೇ!

1955ರಲ್ಲಿ ಭಾರತರತ್ನವಾಗಿ, ನೂರು ವರುಷಗಳ ತುಂಬುಬಾಳನ್ನು ಬಾಳಿ, 1962ರ ಏಪ್ರಿಲಿನಲ್ಲಿ ಅವರು ನಮ್ಮನ್ನಗಲಿದರು.

ಇನ್ನು ಆ ತಂದೆಯವರಿಗೆ ಉತ್ತರ. ವಿಶ್ವೇಶ್ವರಯ್ಯನವರು ಮೇಲಿನ ವ್ಯಾಸಂಗವನ್ನು ಇಂಗ್ಲಿಷಿನಲ್ಲಿಯೇ ಮಾಡಿದರು. ನಮ್ಮ ಮಕ್ಕಳೂ ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ, ತೆಲುಗನ್ನೂ ಕಲಿಯಲಿ. ಆದರೆ ಅಳೆಯುವ, ಎಣಿಸುವ, "ಏಕೆ?" ಎಂದು ಕೇಳುವ ಅಭ್ಯಾಸ ತಾಯಿಯೊಡನೆ ಆಡುವ ಮಾತಿನಲ್ಲಿ ಬೇಗ ಬೇರೂರುತ್ತದೆಂದು ಇಷ್ಟು ವರ್ಷಗಳ ಪಾಠದಿಂದ ನಾವು ಬಲ್ಲೆವು. ಅರ್ಥವಾಗದ ಪಾಠವನ್ನು ಬಾಯಿಪಾಠ ಮಾಡಿ, ಸೋತು, ಶಾಲೆಯನ್ನೇ ಬಿಟ್ಟ ಮಗು ಕೋಡಿಯಲ್ಲಿ ಹರಿದುಹೋದ ನೀರು. ಮಳೆ ಕಡಮೆಯಾದ ನಮ್ಮ ಸೀಮೆಯಲ್ಲಿ ಒಂದು ಹನಿಯೂ ಪೋಲಾಗಬಾರದು.

ಆ ಹುಡುಗನು ಈಗಲೂ ನಮ್ಮ ಎಂಟನೆಯ ತರಗತಿಯಲ್ಲಿಯೇ ಇದ್ದಾನೆ. ವರ್ಗಾವಣೆ ಪತ್ರವನ್ನು ಬರೆದಿಟ್ಟಿದ್ದೆವು. ಅವನ ತಂದೆ ಇನ್ನೂ ಒಯ್ದಿಲ್ಲ. ಇದು ನಮ್ಮ ಮೇಲಿಟ್ಟ ವಿಶ್ವಾಸ. ಅದನ್ನು ಉಳಿಸಿಕೊಳ್ಳುವುದು ಉಪಾಧ್ಯಾಯರಾದ ನಮ್ಮ ಹೊಣೆ, ಸಂಘದ ಹಿರಿಯರಾದ ತಮ್ಮ ಹೊಣೆ.