ಬೆಳೆ ಕೈಕೊಟ್ಟ ಮೇಲೆ

(ಶತಮಾನೋತ್ಸವದ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಮೇಲೂರಿನಲ್ಲಿ ನಿಂತು ಸೋಲನ್ನು ಕುರಿತು ಮಾತನಾಡುವವನು ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವ ಹೊತ್ತಿನಲ್ಲಿ ಹುಳುವಿಗೆ ಹಾಲುತೊಂಡೆ ರೋಗ ತಗುಲಿದರೆ ಮನೆಮಂದಿಯ ದುಡಿಮೆಯೆಲ್ಲ ತಿಪ್ಪೆ ಸೇರುತ್ತದೆ. 1980ರಲ್ಲಿ ಊಜಿ ನೊಣ ನಮ್ಮ ರಾಜ್ಯಕ್ಕೆ ಕಾಲಿಟ್ಟ ಮೇಲೆ ಬರಿದಾದ ಚಂದ್ರಿಕೆಗಳನ್ನು ಹಿರಿಯರು ಮರೆತಿರಲಾರರು. ಆದುದರಿಂದಲೇ, ನಮ್ಮಂತೆಯೇ ಹುಳು ಸಾಕಿದ ಒಬ್ಬರ ವೃತ್ತಾಂತವನ್ನು ಇಂದು ಆರಿಸಿಕೊಂಡಿದ್ದೇನೆ.

ವಿಮಾನ ಸಂಸ್ಥೆಯನ್ನು ಕಟ್ಟಿದವರೆಂದು ಕ್ಯಾಪ್ಟನ್ ಜಿ. ಆರ್. ಗೋಪಿನಾಥರನ್ನು ನಾಡು ಬಲ್ಲದು. ಅವರ ಜೀವನವನ್ನು ಆಧರಿಸಿ 2020ರಲ್ಲಿ ಬಂದ ತಮಿಳು ಚಿತ್ರವನ್ನು ನಮ್ಮ ತರುಣರು ನೋಡಿರಬಹುದು. ಚಿತ್ರದಲ್ಲಿ ಕಲ್ಪನೆಯೇ ಹೆಚ್ಚು. ನಿಜವಾದ ಕಥೆ ಮಣ್ಣಿನಿಂದ ಆರಂಭವಾಗುತ್ತದೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಇವರು ಸೇನೆ ಸೇರಿ, 1971ರ ಯುದ್ಧವನ್ನು ಕಂಡು, ಇಪ್ಪತ್ತೆಂಟರ ವಯಸ್ಸಿನಲ್ಲಿ ಹುದ್ದೆ ತೊರೆದು ಊರಿಗೆ ಬಂದರು. ಕುಟುಂಬದ ಜಮೀನು ಹೇಮಾವತಿ ಜಲಾಶಯದಲ್ಲಿ ಮುಳುಗಿತ್ತು. ಬದಲಾಗಿ ದೊರೆತದ್ದು ಜಾವಗಲ್ ಬಳಿಯ ಪಾಳುಭೂಮಿ. ಅಲ್ಲಿ ಗುಡಾರ ಹಾಕಿಕೊಂಡು ಬೇಸಾಯಕ್ಕಿಳಿದರು.

ಮುಂದಿನ ವರ್ಷಗಳಲ್ಲಿ ಅವರು ಕೈಹಾಕದ ಕಸುಬು ಅಪರೂಪ. ತೆಂಗು, ಹೈನು, ಕೋಳಿ, ರೇಷ್ಮೆ, ಮೋಟಾರ್ ಸೈಕಲ್ ಮಾರಾಟ, ಉಪಾಹಾರ ಗೃಹ! ಕೆಲವು ನೆಲಕಚ್ಚಿದವು, ಕೆಲವು ಕುಂಟುತ್ತ ಸಾಗಿದವು. ಆದರೆ ರೇಷ್ಮೆಯಲ್ಲಿ ಅವರು ವೆಚ್ಚವನ್ನು ತಗ್ಗಿಸಿ, ಪ್ರಕೃತಿಗೆ ಹೊಂದುವ ಕ್ರಮವೊಂದನ್ನು ರೂಢಿಸಿದರು. ಅದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತು. ವಿಮಾನಕ್ಕಿಂತ ಮೊದಲು ಅವರಿಗೆ ಹೆಸರು ತಂದುಕೊಟ್ಟದ್ದು ನಮ್ಮ ಹಿಪ್ಪುನೇರಳೆ ಸೊಪ್ಪು ಎಂಬುದನ್ನು ಹೇಳುವಾಗ ನನಗೆ ಕೊಂಚ ಜಂಬವೇ ಆಗುತ್ತದೆ.

1997ರಲ್ಲಿ ಬಾಡಿಗೆ ಹೆಲಿಕಾಪ್ಟರುಗಳ ಸಂಸ್ಥೆ, 2003ರಲ್ಲಿ ಏರ್ ಡೆಕ್ಕನ್. ಅದೇ ವರ್ಷ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟ ಉದ್ಘಾಟನೆಯ ವಿಮಾನದ ಎಂಜಿನ್ನಿಗೆ, ಗಣ್ಯರು ಒಳಗಿರುವಾಗಲೇ, ಬೆಂಕಿ ಹೊತ್ತಿಕೊಂಡಿತು. ಬೇರೊಬ್ಬರಾಗಿದ್ದರೆ ಬಾಗಿಲು ಮುಚ್ಚುತ್ತಿದ್ದರು. ಇವರು ಹುಬ್ಬಳ್ಳಿಯಂತಹ ಊರುಗಳಿಗೂ ವಿಮಾನ ಹಾರಿಸಿದರು; ಒಂದು ರೂಪಾಯಿಯ ಟಿಕೇಟನ್ನೂ ಮಾರಿದರು. ಸಾಲವೂ ನಷ್ಟವೂ ಬೆಳೆದು, 2007ರಲ್ಲಿ ಪಾಲನ್ನು ಕಿಂಗ್‌ಫಿಷರ್ ಒಡೆಯರಿಗೆ ಮಾರಬೇಕಾಯಿತು. ಆ ಕಿಂಗ್‌ಫಿಷರ್ ಸಹ 2012ರಲ್ಲಿ ನಿಂತುಹೋಯಿತು. ಗೋಪಿನಾಥರು 2009ರಲ್ಲಿ ತೊಡಗಿದ ಸರಕು ವಿಮಾನ ಸೇವೆಯೂ ಉಳಿಯಲಿಲ್ಲ. ಹಾಗಾದರೆ ಗೆಲುವು ಯಾವುದು? ಬಡವರ ಮನೆಯ ಮಕ್ಕಳೂ ವಿಮಾನ ಹತ್ತಬಹುದೆಂಬ ಮಾತು ಆ ಸಂಸ್ಥೆ ಹೋದ ಮೇಲೂ ಉಳಿಯಿತಲ್ಲ, ಅದನ್ನೇ ನಾನು ಗೆಲುವೆಂದು ಎಣಿಸುತ್ತೇನೆ.

ಒಂದು ಮಾತನ್ನು ಮರೆಮಾಚಬಾರದು. ಪಾಳಾದರೂ ಅವರಿಗೆ ನೆಲವಿತ್ತು, ಓದಿತ್ತು, ಸೇನೆಯ ಗೆಳೆಯರಿದ್ದರು. ನಮ್ಮ ಬಿಚ್ಚಣಿಕೆಯವನಿಗೆ ಇರುವುದು ಬಡ್ಡಿಗೆ ತಂದ ಹಣ. ಅವನು ಸೋತರೆ ಮತ್ತೊಂದು ಕಸುಬು ಹುಡುಕುವ ಮೊದಲು ಊರನ್ನೇ ಬಿಡುತ್ತಾನೆ. ಧೈರ್ಯ ಸಾಲದೆಂದು ಅವನನ್ನು ಹಳಿಯುವುದು ಸುಲಭ.

ಸಂತ ಲೂಕರ ಶುಭಸಂದೇಶದಲ್ಲಿ ಪೇತ್ರನು ರಾತ್ರಿಯಿಡೀ ಮೀನು ಸಿಗದೆ ದಡಕ್ಕೆ ಬಂದವನು. ಆದರೂ ಬೆಳಿಗ್ಗೆ ಬಲೆಗಳನ್ನು ತೊಳೆಯುತ್ತಿದ್ದರು, ಗಮನಿಸಿ! ಮತ್ತೆ ಹೋಗುವ ಮನಸ್ಸಿಲ್ಲದವರು ಬಲೆ ತೊಳೆಯುವುದಿಲ್ಲ. ಆಮೇಲೆ ಮೀನು ತುಂಬಿ ಬಲೆ ಹರಿಯತೊಡಗಿದಾಗ ನೆರವಿಗೆ ಬಂದದ್ದು ಇನ್ನೊಂದು ದೋಣಿಯ ಜೊತೆಗಾರರು. ಈ ಇನ್ನೊಂದು ದೋಣಿಯನ್ನು ನಾವು ಪ್ರಸಂಗಗಳಲ್ಲಿ ಮರೆತುಬಿಡುತ್ತೇವೆ.

ಬೆಳೆ ಕೆಟ್ಟು ಸಾಲವಾದುದರಿಂದ ಭಾನುವಾರದ ಪೂಜೆಗೂ ಬರಲು ನಾಚುತ್ತಿರುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿವೆ. ಹೆಸರು ಹೇಳಲಾರೆ, ನೆರೆಯವರಿಗೆ ಗೊತ್ತು. ಉತ್ಸವದ ಊಟಕ್ಕೆ ಅವರನ್ನು ಕಾಗದ ಕಳುಹಿಸಿ ಕರೆಯಬೇಡಿ. ಹೋಗಿ, ಒಂದು ಗಳಿಗೆ ಕುಳಿತು, ಜೊತೆಯಲ್ಲಿಯೇ ಕರೆದುಕೊಂಡು ಬನ್ನಿ. ಮುಂದಿನ ಚಾಕಿಗೆ ಸೊಪ್ಪು ಬೇಕಾದವರು ಯಾರು, ಕೊಡಬಲ್ಲವರು ಯಾರು ಎಂಬುದನ್ನು ಅಲ್ಲಿಯೇ ಪಂಕ್ತಿಯಲ್ಲಿ ಮಾತನಾಡಿಕೊಳ್ಳಬಹುದು.